ಕಾಲದ ಗಾಯಗಳಿಗೆ ಸ್ವರ ನೀಡಿದ ಜಿಮ್ಮರ್‌ಮನ್

ಸಕಲವೂ ದೇವರ ಅಧಿಕ ಮಹಿಮೆಗಾಗಿ ಎಂಬ ಅರ್ಥದ ಲತೀನ್ ವಾಕ್ಯವೊಂದರ ಐದು ಮೊದಲಕ್ಷರಗಳನ್ನು ತಮ್ಮ ಸಂಗೀತ ಕೃತಿಗಳ ಕೊನೆಯಲ್ಲಿ ಬರೆದಿಡುವುದು ಜರ್ಮನಿಯ ಸ್ವರಸಂಯೋಜಕ ಬರ್ನ್‌ಡ್ ಅಲೋಯ್ಸ್ ಜಿಮ್ಮರ್‌ಮನ್ ಅವರ ರೂಢಿ. ಅವರ ಸಂಗೀತ ಕಿವಿಗೆ ಇಂಪಾದುದಲ್ಲ. ಯುದ್ಧವನ್ನು ಕಣ್ಣಾರೆ ಕಂಡ ಮನುಷ್ಯನ ಆಕ್ರಂದನ ಅದರಲ್ಲಿದೆ. ಆದರೆ ಆ ಆಕ್ರಂದನ ದೇವರನ್ನು ಉದ್ದೇಶಿಸಿದ್ದು.

ಜಿಮ್ಮರ್‌ಮನ್ 1918ರ ಮಾರ್ಚ್ 20ರಂದು ಕೊಲೋನ್ ನಗರದ ಸಮೀಪದ ಬ್ಲೀಸ್‌ಹೈಮ್ ಎಂಬ ಹಳ್ಳಿಯಲ್ಲಿ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಬೇಸಾಯದೊಡನೆ ರೈಲ್ವೆಯಲ್ಲಿಯೂ ದುಡಿಯುತ್ತಿದ್ದರು. ಸಾಲ್ವಟೋರಿಯನ್ ಸಭೆಯ ಗುರುಗಳು ಸ್ಟೈನ್‌ಫೆಲ್ಡ್ ಮಠದಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ ಬಾಲಕನಿಗೆ ವಿದ್ಯೆಯೂ ಆರ್ಗನ್ ವಾದನವೂ ಲಭಿಸಿದವು. 1936ರಲ್ಲಿ ನಾಜಿ ಸರ್ಕಾರದ ನೀತಿಯಿಂದಾಗಿ ಅವರು ಆ ಶಾಲೆಯನ್ನು ತೊರೆಯಬೇಕಾಯಿತು. 1940ರಲ್ಲಿ ಸೈನ್ಯಕ್ಕೆ ಕರೆ ಬಂದಿತು. ತೀವ್ರ ಚರ್ಮವ್ಯಾಧಿಯಿಂದ ಬಳಲಿ 1942ರಲ್ಲಿ ಬಿಡುಗಡೆ ಹೊಂದಿದರು. ಯುದ್ಧಾನಂತರ ಕೊಲೋನ್ ಬಾನುಲಿಗಾಗಿ ದುಡಿದು, 1957ರಿಂದ ಅಲ್ಲಿನ ಸಂಗೀತ ಮಹಾವಿದ್ಯಾಲಯದಲ್ಲಿ ಬೋಧಿಸಿದರು.

ಭೂತಕಾಲ ನೆನಪಾಗಿ, ಭವಿಷ್ಯ ನಿರೀಕ್ಷೆಯಾಗಿ ಮನುಷ್ಯನ ಆತ್ಮದಲ್ಲಿ ಒಟ್ಟಿಗೇ ನೆಲೆಸಿವೆ ಎಂದು ಸಂತ ಅಗಸ್ಟೀನರು ಬೋಧಿಸಿದ್ದರು. ಈ ಚಿಂತನೆಯಿಂದ ಪ್ರಭಾವಿತರಾದ ಜಿಮ್ಮರ್‌ಮನ್, ಕಾಲವು ಗೋಳಾಕಾರವಾದುದೆಂದು ಭಾವಿಸಿದರು. ಆದ್ದರಿಂದಲೇ ಅವರ ಕೃತಿಗಳಲ್ಲಿ ಪುರಾತನ ದೇವಾಲಯ ಗಾನ, ಬಾಕ್‌ನ ಸ್ತೋತ್ರಗೀತೆ, ಜಾಸ್ ಎಲ್ಲವೂ ಏಕಕಾಲದಲ್ಲಿ ಕೇಳಿಬರುತ್ತವೆ. 1954ರಲ್ಲಿ ರಚಿಸಿದ ಕಹಳೆಯ ಕಾನ್ಸರ್ಟೊದಲ್ಲಿ ಅಮೆರಿಕದ ಕರಿಯರ ಭಕ್ತಿಗೀತೆಯೊಂದನ್ನು ಆಧರಿಸಿ ವರ್ಣದ್ವೇಷದ ವಿರುದ್ಧ ದನಿಯೆತ್ತಿದರು.

ಅವರ ಗೀತನಾಟಕ ‘ಸೈನಿಕರು’ ಪ್ರದರ್ಶನಕ್ಕೆ ಅಸಾಧ್ಯವೆಂದು ಮೊದಲು ತಿರಸ್ಕೃತವಾಗಿ, ಪರಿಷ್ಕರಣೆಯ ನಂತರ 1965ರ ಫೆಬ್ರವರಿ 15ರಂದು ಕೊಲೋನ್‌ನಲ್ಲಿ ರಂಗಕ್ಕೇರಿತು. ಸೈನ್ಯಾಧಿಕಾರಿಗಳ ವಂಚನೆಗೆ ಸಿಲುಕಿದ ಮರೀ ಎಂಬ ತರುಣಿ ಕೊನೆಗೆ ಬೀದಿಯಲ್ಲಿ ತನ್ನ ತಂದೆಯ ಮುಂದೆಯೇ ಕೈಯೊಡ್ಡುತ್ತಾಳೆ. ತಂದೆ ಮಗಳನ್ನು ಗುರುತಿಸುವುದಿಲ್ಲ. ಹಿನ್ನೆಲೆಯಲ್ಲಿ ಸೈನಿಕರ ನಡಿಗೆಯ ಸದ್ದಿನೊಡನೆ, ಯೇಸುಸ್ವಾಮಿ ಕಲಿಸಿದ ಪರಲೋಕ ಪ್ರಾರ್ಥನೆ ಲತೀನ್ ಭಾಷೆಯಲ್ಲಿ ಕೇಳಿಬರುತ್ತದೆ.

1969ರ ಡಿಸೆಂಬರ್ 11ರಂದು ಡ್ಯೂಸೆಲ್‌ಡಾರ್ಫ್‌ನಲ್ಲಿ ‘ತರುಣ ಕವಿಗಾಗಿ ರೆಕ್ವಿಯಂ’ ಪ್ರಥಮವಾಗಿ ಪ್ರಸ್ತುತವಾಯಿತು. ಮೃತರ ಪೂಜಾವಿಧಿಯ ಪದಗಳೊಡನೆ ಹಿಟ್ಲರನ ಭಾಷಣವೂ ಜಗದ್ಗುರು 23ನೇ ಜಾನರ ಮಾತುಗಳೂ ಇಲ್ಲಿ ಸೇರಿಕೊಂಡಿವೆ. ಮಯಕೋವ್‌ಸ್ಕಿ, ಯೆಸೆನಿನ್, ಕೊನ್ರಾಡ್ ಬಾಯರ್ ಎಂಬ ಮೂವರು ಕವಿಗಳ ನೆನಪು ಇದರಲ್ಲಿದೆ. ಮೂವರೂ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡವರು. ಶಾಂತಿಯನ್ನು ಬೇಡುವ ಮೊರೆಯೊಂದಿಗೆ ಕೃತಿ ಮುಗಿಯುತ್ತದೆ.

ಆ ವೇಳೆಗೆ ಜಿಮ್ಮರ್‌ಮನ್ ತೀವ್ರ ಖಿನ್ನತೆಗೆ ಒಳಗಾಗಿದ್ದರು. ಸೂರ್ಯನ ಕೆಳಗಿನ ಅನ್ಯಾಯವನ್ನೂ ಸಾಂತ್ವನವಿಲ್ಲದವರ ಕಣ್ಣೀರನ್ನೂ ಕುರಿತ ಉಪದೇಶಕ ಗ್ರಂಥದ ನಾಲ್ಕನೇ ಅಧ್ಯಾಯವನ್ನು ಅವರು ತಮ್ಮ ಅಂತಿಮ ಕೃತಿಗೆ ಆರಿಸಿಕೊಂಡರು. ಕೊನೆಯಲ್ಲಿ, ಇನ್ನು ಸಾಕೆಂದು ಪ್ರಭುವಿನಲ್ಲಿ ಮೊರೆಯಿಡುವ ಬಾಕ್‌ನ ಸ್ತೋತ್ರಗೀತೆ ಹಿತ್ತಾಳೆಯ ವಾದ್ಯಗಳಲ್ಲಿ ಮೂಡಿ ಥಟ್ಟನೆ ನಿಂತುಬಿಡುತ್ತದೆ. ಕೃತಿ ಪೂರ್ಣಗೊಂಡು ಕೆಲವೇ ದಿನಗಳಾಗಿದ್ದವು. 1970ರ ಆಗಸ್ಟ್ 10ರಂದು, 52ನೇ ವಯಸ್ಸಿನಲ್ಲಿ, ಜಿಮ್ಮರ್‌ಮನ್ ಆತ್ಮಹತ್ಯೆ ಮಾಡಿಕೊಂಡರು.

ದೇವರ ಮಹಿಮೆಗೆಂದು ಬರೆದ ಕೈಗೆ ಇಂಥ ಅಂತ್ಯವೇಕೆ? ಈ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. ಹಿಂದೆ ಇಂಥವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನೂ ನಿರಾಕರಿಸುತ್ತಿದ್ದುದುಂಟು. ಜೀವ ದೇವರ ವರದಾನ, ಅದನ್ನು ಕಳೆದುಕೊಳ್ಳುವ ಅಧಿಕಾರ ನಮಗಿಲ್ಲ ಎಂಬ ಬೋಧನೆ ಇಂದೂ ಬದಲಾಗಿಲ್ಲ. ಆದರೆ ಮನೋವ್ಯಾಧಿಯು ವ್ಯಕ್ತಿಯ ಹೊಣೆಗಾರಿಕೆಯನ್ನು ತಗ್ಗಿಸಬಲ್ಲದು, ಅಂಥವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ.

ಬದುಕಿನ ಭಾರ ಹೊರಲಾರದೆ ಹೋದ ಮೂವರಿಗಾಗಿ ಜಿಮ್ಮರ್‌ಮನ್ ಶಾಂತಿಯನ್ನು ಬೇಡಿದರು. ಎಂಟು ತಿಂಗಳೊಳಗೆ ಅದೇ ಪ್ರಾರ್ಥನೆ ಅವರಿಗೂ ಬೇಕಾಯಿತು. ನಮ್ಮ ನಡುವೆ ಮೌನವಾಗಿ ನೋಯುತ್ತಿರುವವರ ಮೊರೆಯನ್ನು ಅವರು ಬದುಕಿರುವಾಗಲೇ ಆಲಿಸೋಣ. ಅಗಲಿದವರ ವಿಷಯದಲ್ಲಿ ತೀರ್ಪನ್ನು ದೇವರಿಗೆ ಬಿಟ್ಟು, ನಾವು ಪ್ರಾರ್ಥಿಸೋಣ.