ಗಣಿತಸಾರಸಂಗ್ರಹಕಾರ ಮಹಾವೀರಾಚಾರ್ಯರು

ಜಿನಬಿಂಬ ಪ್ರತಿಷ್ಠೆಯ ಪುಣ್ಯಸಂದರ್ಭದಲ್ಲಿ ಜಿನಶಾಸನವನ್ನು ಬೆಳಗಿದ ಆಚಾರ್ಯವರ್ಯರನ್ನು ಸ್ಮರಿಸುವುದು ನಮ್ಮ ಪರಂಪರೆಯಿಂದ ಬಂದ ಸಂಪ್ರದಾಯವಾಗಿದೆ. ಕುಂದಕುಂದ, ಸಮಂತಭದ್ರ, ಪೂಜ್ಯಪಾದ, ಜಿನಸೇನರ ನಾಮಗಳು ಶ್ರಾವಕ ಶ್ರಾವಿಕೆಯರ ನಾಲಗೆಯ ಮೇಲೆ ನಲಿಯುತ್ತವೆ. ಆದರೆ ಗಣಿತಶಾಸ್ತ್ರದಲ್ಲಿ ಅಗ್ರಗಣ್ಯರಾದ ಮಹಾವೀರಾಚಾರ್ಯರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಶಾಲೆಯಲ್ಲಿ ತ್ರಿಭುಜದ ಹೊರಕೋನವನ್ನು ಕಂಡುಹಿಡಿಯಲು ಕಲಿಯುವ ನಮ್ಮ ಮಕ್ಕಳು, ಅದೇ ತ್ರಿಭುಜದ ಮರ್ಮವನ್ನು ಸಾವಿರದ ನೂರು ವರ್ಷಗಳಿಗೂ ಹಿಂದೆ ಶೋಧಿಸಿದ ಈ ಮಹನೀಯರನ್ನು ಅವಶ್ಯವಾಗಿ ಅರಿಯಬೇಕು.

ಆಚಾರ್ಯರ ಕಾಲ ಕ್ರಿ.ಶ. 850ರ ಸುಮಾರು. ಕ್ರಿ.ಶ. 814ರಿಂದ 878ರವರೆಗೆ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಅವರು ತಮ್ಮ ಗ್ರಂಥದ ಆದಿಯಲ್ಲಿ ಸ್ಯಾದ್ವಾದದ ಅನುಯಾಯಿಯೆಂದು ಕೊಂಡಾಡಿದ್ದಾರೆ. ಅದು ಜಿನವಾಣಿಯ ಸುವರ್ಣಕಾಲ. ಜಿನಸೇನರು ಜಯಧವಲಾ ಟೀಕೆಯನ್ನು ಪೂರೈಸಿದ್ದು, ಉಗ್ರಾದಿತ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದ್ದು, ಕನ್ನಡದಲ್ಲಿ ಕವಿರಾಜಮಾರ್ಗ ಮೂಡಿದ್ದು ಆ ಕಾಲದಲ್ಲಿಯೇ. ಬೆಳವಣಕಿಯ ಸುತ್ತಣ ಸೀಮೆಗೂ ಆ ವೈಭವಕ್ಕೂ ನಂಟುಂಟು. ಬೆಳ್ವೊಲ ಮುನ್ನೂರನ್ನು ಅಮೋಘವರ್ಷನ ಪರವಾಗಿ ದೇವಣ್ಣಯ್ಯನು ಅಣ್ಣಿಗೇರಿಯಲ್ಲಿದ್ದು ಆಳುತ್ತಿದ್ದುದನ್ನು ಕ್ರಿ.ಶ. 866ರ ಶಿರೂರು ಶಾಸನ ತಿಳಿಸುತ್ತದೆ. ಮುಂದೆ ಇದೇ ಸೀಮೆಯ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು.

ತಮ್ಮ ಕುಲ, ಊರು, ತಾಯಿತಂದೆಯರ ವಿಷಯವನ್ನು ಆಚಾರ್ಯರು ಗ್ರಂಥದಲ್ಲಿ ಹೇಳಿಕೊಂಡಿಲ್ಲ. ಆದುದರಿಂದ ಅವರ ಕೃತಿಯೇ ಅವರ ಚರಿತ್ರೆ. ಸಾವಿರದ ನೂರಕ್ಕೂ ಮಿಗಿಲಾದ ಸಂಸ್ಕೃತ ಶ್ಲೋಕಗಳ ಗಣಿತಸಾರಸಂಗ್ರಹವು ಸಂಖ್ಯಾಜ್ಞಾನದಿಂದ ಜಗತ್ತನ್ನು ಬೆಳಗಿದ ಶ್ರೀ ವರ್ಧಮಾನ ಜಿನೇಂದ್ರರ ವಂದನೆಯಿಂದ ಮೊದಲಾಗುತ್ತದೆ. ಅಡುಗೆ, ಸಂಗೀತ, ವೈದ್ಯ, ವಾಸ್ತು, ಛಂದಸ್ಸುಗಳಿಂದ ಹಿಡಿದು ಸೂರ್ಯಚಂದ್ರರ ಗತಿ, ದ್ವೀಪಸಾಗರಗಳ ಪ್ರಮಾಣದವರೆಗೆ ಗಣಿತವಿಲ್ಲದೆ ಯಾವುದೂ ಸಾಗದೆಂಬುದು ಅವರ ನಿಲುವು. ಭಿನ್ನರಾಶಿಗಳಿಗೆ ಸಮಚ್ಛೇದ ತರುವಲ್ಲಿ ಲಘುತಮ ಅಪವರ್ತ್ಯವನ್ನು ಅವರು ನಿರುದ್ಧವೆಂಬ ಹೆಸರಿನಿಂದ ನಿರೂಪಿಸಿದರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದರು.

ತ್ರಿಭುಜಗಳ ವಿಚಾರವಿರುವುದು ಕ್ಷೇತ್ರಗಣಿತ ಪ್ರಕರಣದಲ್ಲಿ. ಅಲ್ಲಿ ಸಮ, ದ್ವಿಸಮ, ವಿಷಮವೆಂದು ಮೂರು ಬಗೆಯ ತ್ರಿಭುಜಗಳನ್ನು ಹೇಳಿ, ಕ್ಷೇತ್ರಫಲವನ್ನು ವ್ಯಾವಹಾರಿಕ ಮತ್ತು ಸೂಕ್ಷ್ಮವೆಂದು ಎರಡು ವಿಧವಾಗಿ ಗಣಿಸುವ ಕ್ರಮವನ್ನು ಕೊಟ್ಟಿದ್ದಾರೆ. ಬದಿಗಳು 13 ಮತ್ತು 15, ಭೂಮಿ 14 ಇರುವ ಒಂದು ಹೊಲವನ್ನು ಭಾವಿಸೋಣ. ಎರಡು ಬದಿಗಳ ಮೊತ್ತದ ಅರ್ಧವನ್ನು ಭೂಮಿಯ ಅರ್ಧದಿಂದ ಗುಣಿಸುವ ವ್ಯಾವಹಾರಿಕ ಕ್ರಮದಲ್ಲಿ ಫಲ 98. ಶಿಖರದಿಂದ ಭೂಮಿಗೆ ಇಳಿಸಿದ ಅವಲಂಬಕವು 12 ಆಗಿರುವುದರಿಂದ ಸೂಕ್ಷ್ಮಫಲ 84 ಮಾತ್ರ. ಈ 14ರ ಅಂತರವು ಕೊಳ್ಳುವವನಿಗೆ ನಷ್ಟ, ಮಾರುವವನಿಗೆ ಅನ್ಯಾಯದ ಗಳಿಕೆ. ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು ಅಚೌರ್ಯಾಣುವ್ರತದ ಅತಿಚಾರವೆಂದು ತತ್ತ್ವಾರ್ಥಸೂತ್ರವು ಎಚ್ಚರಿಸಿರುವುದನ್ನು ನೆನೆದರೆ, ಸೂಕ್ಷ್ಮಗಣಿತವು ಶ್ರಾವಕನಿಗೆ ಬುದ್ಧಿಯ ವಿಲಾಸ ಮಾತ್ರವಲ್ಲ, ವ್ರತಪಾಲನೆಯ ಸಾಧನವೂ ಹೌದೆಂಬುದು ಮನವರಿಕೆಯಾಗುತ್ತದೆ.

ಲಂಬಕೋನವುಳ್ಳ ಎರಡು ತ್ರಿಭುಜಗಳನ್ನು ಜೋಡಿಸಿ ಹೊಸ ತ್ರಿಭುಜಗಳನ್ನು ಹುಟ್ಟಿಸುವ ವಿಧಾನವನ್ನೂ ಆಚಾರ್ಯರು ಬೋಧಿಸಿದ್ದಾರೆ. 5, 12, 13ರ ತ್ರಿಭುಜವನ್ನೂ 9, 12, 15ರ ತ್ರಿಭುಜವನ್ನೂ ಸಮಾನವಾದ 12ರ ಬದಿಯ ಎರಡು ಮಗ್ಗುಲಿಗೆ ಇರಿಸಿದರೆ ಮೇಲೆ ಹೇಳಿದ 13, 14, 15ರ ಕ್ಷೇತ್ರವು ದೊರೆಯುತ್ತದೆ. ಎರಡನ್ನೂ ಒಂದೇ ಮಗ್ಗುಲಿಗೆ ಇರಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆದರೆ, 4, 13, 15ರ ತ್ರಿಭುಜ ಉಳಿಯುತ್ತದೆ. ಇದರ ಲಂಬವು ಕ್ಷೇತ್ರದ ಹೊರಗೆ ಬೀಳುತ್ತದೆ. 4ರ ಭೂಮಿಯನ್ನು ಲಂಬದ ಪಾದದವರೆಗೆ 5ರಷ್ಟು ಬೆಳೆಸಿದಾಗ, ಅದಕ್ಕೂ 13ರ ಬದಿಗೂ ನಡುವೆ ಉಂಟಾಗುವುದೇ ಹೊರಕೋನ. ಅದು ಸುಮಾರು 67 ಡಿಗ್ರಿ. ಅದಕ್ಕೆ ಎದುರಾಗಿ ಒಳಗಿರುವ ಎರಡು ಕೋನಗಳು ಸುಮಾರು 53 ಮತ್ತು 14 ಡಿಗ್ರಿ. ಎರಡನ್ನೂ ಕೂಡಿಸಿದರೆ ಹೊರಕೋನವೇ ಬರುತ್ತದೆ. ಈ ನಿಯಮವನ್ನು ಗ್ರೀಸಿನ ಯೂಕ್ಲಿಡನು ಕೋನಗಳ ಮಾರ್ಗದಿಂದ ಸಾಧಿಸಿದನು. ಮಹಾವೀರಾಚಾರ್ಯರದು ಬದಿ, ಭೂಮಿ, ಅವಲಂಬಕಗಳ ಮಾರ್ಗ. ಒಂದೇ ವಸ್ತುವನ್ನು ಹಲವು ನಯಗಳಿಂದ ಕಾಣಬಹುದೆಂಬ ಅನೇಕಾಂತಕ್ಕೆ ಇದಕ್ಕಿಂತ ಸರಳವಾದ ದೃಷ್ಟಾಂತ ಬೇಕೆ?

ಆಚಾರ್ಯರ ಕೀರ್ತಿ ದಕ್ಷಿಣದೇಶದಲ್ಲಿ ಬಹುಕಾಲ ಬೆಳಗಿತು. ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿ ಬರೆದನು. ಬಳಿಕ ಗ್ರಂಥವು ತಾಳೆಗರಿಗಳ ಕಟ್ಟಿನೊಳಗೆ ಮರೆಯಾಯಿತು. ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದಾಗ ಪ್ರಪಂಚದ ವಿದ್ವಾಂಸರು ಬೆರಗಾದರು. ಅವರಿಗೆ ನೆರವಾದ ಪ್ರತಿಗಳಲ್ಲಿ ಮೂಡುಬಿದಿರೆಯ ಜೈನಮಠದ ಕನ್ನಡ ಲಿಪಿಯ ತಾಳೆಗರಿ ಪ್ರತಿಯೂ ಒಂದು. 1963ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದವು, 2000ರಲ್ಲಿ ಹೊಂಬುಜ ಶ್ರೀಮಠದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊರಬಂದವು.

ಹೆಸರರಿಯದ ಶ್ರಾವಕರು ಬರೆಯಿಸಿ ಕೊಟ್ಟ, ಮಠ ಬಸದಿಗಳು ಹುಳುಹುಪ್ಪಟೆಗಳಿಂದ ಕಾಪಾಡಿದ ಗರಿಗಳು ಇಲ್ಲದಿರುತ್ತಿದ್ದರೆ ಈ ಆಚಾರ್ಯರ ಹೆಸರೂ ನಮಗೆ ಉಳಿಯುತ್ತಿರಲಿಲ್ಲ. ಶಾಸ್ತ್ರದಾನದ ಮಹಿಮೆ ಅಂತಹುದು. ಜಿನಾಲಯದಲ್ಲಿ ಬಿಂಬವನ್ನು ಪ್ರತಿಷ್ಠಾಪಿಸುವ ಭವ್ಯಜನರು ಅದರ ಮಗ್ಗುಲಲ್ಲಿ ಒಂದು ಗ್ರಂಥಭಂಡಾರವನ್ನೂ ನೆಲೆಗೊಳಿಸಲಿ. ಅಲ್ಲಿ ಪುರಾಣಗಳೊಡನೆ ಗಣಿತಸಾರಸಂಗ್ರಹವೂ ಇರಲಿ. ನಮ್ಮ ಬಾಲಕ ಬಾಲಿಕೆಯರು ಅದನ್ನು ತೆರೆದು ಲೆಕ್ಕ ಮಾಡಿ ನೋಡಲಿ. ಮಹಾವೀರಾಚಾರ್ಯರಿಗೆ ನಾವು ಸಲ್ಲಿಸಬಹುದಾದ ನಿಜವಾದ ವಂದನೆ ಅದೇ.