ಮಕ್ಕಳ ಪ್ರಶ್ನೆಗಳಿಗೆ ಮೂರು ಸಂಪುಟ ಬರೆದ ಕಾರಂತರು

ನನ್ನ ತಮ್ಮನಿಗೆ ಎಂಟು ವರ್ಷ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅವನಿಗೆ ಒಂದೇ ಕೆಲಸ, ಯಾಕೆ ಅಂತ ಕೇಳುವುದು. ಈರುಳ್ಳಿ ಹೆಚ್ಚಿದರೆ ಅಮ್ಮಿಯ ಕಣ್ಣಲ್ಲಿ ಯಾಕೆ ನೀರು ಬರುತ್ತದೆ, ಬಿಕ್ಕಳಿಕೆ ಯಾಕೆ ಬರುತ್ತದೆ, ರಂಜಾನ್ ಪ್ರತಿ ವರ್ಷ ಯಾಕೆ ಬೇಗ ಬೇಗ ಬರುತ್ತದೆ, ಹೀಗೆ. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ನಮ್ಮ ದಾದಿ ಹೇಳುತ್ತಾರೆ. ದುರ್ಗಿಗುಡಿಯ ನಮ್ಮ ಪಕ್ಕದ ಮನೆಯ ಅಜ್ಜಿಯೂ ಅದನ್ನೇ ಹೇಳುತ್ತಾರೆ, ಅವರು ಕನ್ನಡದಲ್ಲಿ, ಇವರು ಉರ್ದುವಿನಲ್ಲಿ. ತಮ್ಮ ಅಷ್ಟಕ್ಕೆ ಬಿಡುವವನಲ್ಲ. ನೆನೆಸಿಕೊಂಡವರು ಯಾರು ಎಂದು ಹೇಳಿದರೆ ಫೋನ್ ಮಾಡಿ ನಿಲ್ಲಿಸಲು ಹೇಳುತ್ತೇನೆ ಎನ್ನುತ್ತಾನೆ.

ಇಂಥ ಪ್ರಶ್ನೆಗಳಿಗೆ ನಮ್ಮ ಮನೆಯಲ್ಲಿ ಉತ್ತರ ಹೇಳುವವರು ಯಾರೂ ಇರಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿ ಆದ ಮೇಲೆ ವಿಜ್ಞಾನದ ಪುಸ್ತಕ ಮುಚ್ಚಿಟ್ಟವಳು.

ಕಳೆದ ವರ್ಷ ಮಳೆಗಾಲದಲ್ಲಿ ದಾದಿಯ ಬಲಗಾಲಿನ ಕಿರುಬೆರಳಿಗೆ ಹೊಸ ಚಪ್ಪಲಿ ಉಜ್ಜಿ ಗಾಯವಾಯಿತು. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಗಾಯ ದೊಡ್ಡದಿತ್ತು, ಆದರೆ ದಾದಿ ನೋವು ಎನ್ನಲಿಲ್ಲ. ಇಷ್ಟು ಗಾಯ ಆದರೂ ದಾದಿಗೆ ಯಾಕೆ ನೋಯುವುದಿಲ್ಲ ಎಂದು ತಮ್ಮ ಬಂದು ಕೇಳಿದ. ನಾನು ಬ್ಯಾಲೆನ್ಸ್ ಶೀಟ್ ಬರೆಯುತ್ತಿದ್ದೆ, ಎರಡು ಕಡೆಯ ಮೊತ್ತ ಸರಿ ಬರುತ್ತಿರಲಿಲ್ಲ. ನೋಯದಿದ್ದರೆ ಒಳ್ಳೆಯದೇ ಅಲ್ಲವಾ, ಸುಮ್ಮನೆ ಹೋಗು ಎಂದು ಗದರಿಸಿ ಕಳಿಸಿದೆ. ಹತ್ತು ದಿನ ಬಿಟ್ಟು ಅಬ್ಬಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಹಳ ಕಾಲ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಕೆಡುತ್ತವೆ, ನೋವಿನ ಸುದ್ದಿ ಮಿದುಳಿಗೆ ತಲುಪುವುದಿಲ್ಲ, ರಕ್ತ ಓಡಾಟವೂ ಕಡಿಮೆಯಾಗಿ ಗಾಯ ಮಾಯುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಅದನ್ನು ದಾದಿಗೆ ಉರ್ದುವಿನಲ್ಲಿ ಹೇಳಿದೆ. ನಮ್ಮ ಮನೆಯಲ್ಲಿ ನರಕ್ಕೂ ನಸ್ ಅನ್ನುತ್ತೇವೆ, ರಕ್ತನಾಳಕ್ಕೂ ನಸ್ ಅನ್ನುತ್ತೇವೆ. ದಾದಿ ರಕ್ತದ ವಿಷಯ ಅಂದುಕೊಂಡು ತಲೆ ಆಡಿಸಿದರು. ಆ ಬೆರಳು ತೆಗೆಯಬೇಕಾಯಿತು.

ಸರಿಯಾದ ಪ್ರಶ್ನೆ ಕೇಳಿದವನು ಇಡೀ ಮನೆಯಲ್ಲಿ ಅವನೊಬ್ಬನೇ. ಇದನ್ನು ನಮ್ಮ ಕನ್ನಡ ಮೇಡಂ ಹತ್ತಿರ ಹೇಳಿಕೊಂಡಾಗ ಅವರು ಶಿವರಾಮ ಕಾರಂತರ ಬಗ್ಗೆ ಓದಲು ಹೇಳಿದರು. ಕಾರಂತರು ಎಂದರೆ ನನಗೆ ಚೋಮನ ದುಡಿ, ಜ್ಞಾನಪೀಠ, ಅಷ್ಟೇ ಗೊತ್ತಿತ್ತು. ಪರೀಕ್ಷೆಯಲ್ಲಿ ಎರಡು ಅಂಕದ ಉತ್ತರ. ಮಕ್ಕಳ ಯಾಕೆಗಳಿಗೆ ಅವರು ಸಂಪುಟಗಟ್ಟಲೆ ಬರೆದಿದ್ದಾರೆ ಎಂದು ತಿಳಿದದ್ದು ಆಗಲೇ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟ ಎಂಬ ಊರಿನಲ್ಲಿ. ನಮ್ಮ ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದರೆ ಸಿಗುವ ಈಗಿನ ಉಡುಪಿ ಜಿಲ್ಲೆಯ ಊರು ಅದು. ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಸೇರಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂದಾಗ ಕಾಲೇಜು ಬಿಟ್ಟರು. ಮತ್ತೆ ಹೋಗಲೇ ಇಲ್ಲ. ಅಂದರೆ ಅವರ ಹತ್ತಿರ ಡಿಗ್ರಿ ಇರಲಿಲ್ಲ, ವಿಜ್ಞಾನದ್ದೂ ಇಲ್ಲ, ಬೇರೆಯದ್ದೂ ಇಲ್ಲ. ಮುಂದೆ ಹಲವು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು, ಆ ಮಾತು ಬೇರೆ. ಈ ಭಾಗ ಓದಿದಾಗ ನನಗೆ ಒಳಗೊಳಗೇ ಸಂತೋಷವಾಯಿತು. ಕಾಮರ್ಸ್‌ನವಳಿಗೆ ಇದೆಲ್ಲ ಯಾಕೆ ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ.

ಆಮೇಲೆ ಅವರು ಮಾಡದ ಕೆಲಸವೇ ಇಲ್ಲ. ಖಾದಿ ಪ್ರಚಾರ ಮಾಡಿದರು, ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಮೂಕಿ ಸಿನಿಮಾ ಕೂಡ ತೆಗೆದರು. ಮುಂದೆ ನೆಲೆ ನಿಂತದ್ದು ಪುತ್ತೂರಿನಲ್ಲಿ. ಅಲ್ಲಿ ಬಾಲವನ ಕಟ್ಟಿ ಮಕ್ಕಳಿಗೆ ಹೊಸ ರೀತಿಯಲ್ಲಿ ಕಲಿಸುವ ಪ್ರಯೋಗ ಮಾಡಿದರು. ಬಾಯಿಪಾಠಕ್ಕಿಂತ ಆಟ, ಕುಣಿತ, ನೋಡಿ ತಿಳಿಯುವುದು ಅವರಿಗೆ ಮುಖ್ಯವಾಗಿತ್ತು. ಬಾಲವನ ಈಗಲೂ ಇದೆ.

1936ರಲ್ಲಿ ಅವರ ‘ಬಾಲ ಪ್ರಪಂಚ’ ಹೊರಬಂತು. ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ. ಅದೇ ವರ್ಷ ಮೇ ತಿಂಗಳಲ್ಲಿ ಅವರ ಮದುವೆಯೂ ಆಯಿತು. ಹೆಂಡತಿ ಲೀಲಾ ಆಳ್ವ, ಬಂಟರ ಸಮುದಾಯದವರು. ಕಾರಂತರು ಬ್ರಾಹ್ಮಣರು. ಆ ಕಾಲದಲ್ಲಿ ಇಂಥ ಮದುವೆಗೆ ಊರು ಏನೆಲ್ಲ ಮಾತಾಡಿರಬಹುದು ಎಂದು ಯಾರೂ ಊಹಿಸಬಹುದು.

ಅಕೌಂಟೆನ್ಸಿ ಓದುವವಳಾದ್ದರಿಂದ ನಾನು ಮೊದಲು ಹಾಕಿದ್ದು ಲೆಕ್ಕ. 1931ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿ ನೂರಕ್ಕೆ ಹತ್ತು ಜನರೂ ಓದು ಬಲ್ಲವರಲ್ಲ. ಅದರಲ್ಲಿ ಕನ್ನಡ ಓದುವವರು ಎಷ್ಟು, ಅವರಲ್ಲಿ ಮಕ್ಕಳಿಗೆ ಮೂರು ದಪ್ಪ ಪುಸ್ತಕ ಕೊಡಿಸುವವರು ಎಷ್ಟು? ಕನ್ನಡದ ಊರುಗಳೂ ಒಂದೇ ಕಡೆ ಇರಲಿಲ್ಲ. ಪುತ್ತೂರು ಮದ್ರಾಸ್ ಪ್ರಾಂತ್ಯದಲ್ಲಿ, ನಮ್ಮ ಶಿವಮೊಗ್ಗ ಮೈಸೂರು ಮಹಾರಾಜರ ಸಂಸ್ಥಾನದಲ್ಲಿ, ಧಾರವಾಡ ಬೊಂಬಾಯಿಯ ಕೆಳಗೆ. ಚಿತ್ರ ಅಚ್ಚು ಹಾಕಬೇಕಾದರೆ ಒಂದೊಂದಕ್ಕೂ ಲೋಹದ ಬ್ಲಾಕ್ ಮಾಡಿಸಬೇಕು, ಖರ್ಚಿನ ಕೆಲಸ. ಬಿಸಿನೆಸ್ ಸ್ಟಡೀಸ್ ಪ್ರಕಾರ ಯಾರೂ ಕೈ ಹಾಕಬಾರದ ವ್ಯಾಪಾರ ಇದು. ಕಾರಂತರು ಕೈ ಹಾಕಿದರು.

ಅದಕ್ಕಿಂತ ದೊಡ್ಡ ತೊಂದರೆ ಮಾತಿನದು. ಕನ್ನಡದಲ್ಲಿ ವಿಜ್ಞಾನ ಬರೆದವರು ಕಾರಂತರಿಗೆ ಮುಂಚೆ ಇರಲೇ ಇಲ್ಲ ಎಂದಲ್ಲ. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಶುರು ಮಾಡಿದ್ದರು, ಅದು ಎರಡು ವರ್ಷ ನಡೆದು ನಿಂತಿತು. ಆದರೆ ಆಕಾಶ, ಭೂಮಿ, ಗಿಡ, ಪ್ರಾಣಿ, ಮನುಷ್ಯನ ಶರೀರ, ಯಂತ್ರ ಎಲ್ಲವನ್ನೂ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಒಬ್ಬರೇ ಕೂತು ಹೇಳುವುದು ಬೇರೆ ಕೆಲಸ. ಪದ ಇಲ್ಲದ ಕಡೆ ಪದ ಹುಡುಕಬೇಕು, ಹುಡುಕಿದ ಪದ ಮಗುವಿನ ಬಾಯಿಗೆ ಹಿಡಿಸಬೇಕು. ಕೆಲವೇ ವರ್ಷಗಳಲ್ಲಿ ಅವರು ‘ಸಿರಿಗನ್ನಡ ಅರ್ಥಕೋಶ’ ಎಂಬ ನಿಘಂಟನ್ನೂ ಮಾಡಿದರು. ಇದು ಓದಿದಾಗ ನನಗೆ ಆಸ್ಪತ್ರೆಯ ನಸ್ ನೆನಪಾಯಿತು. ಕನ್ನಡ ಮಾತಾಡುವ ಎಷ್ಟೋ ಜನರೂ ರಕ್ತನಾಳಕ್ಕೆ ನರ ಎಂದೇ ಹೇಳುತ್ತಾರೆ. ಎರಡಕ್ಕೂ ಬೇರೆ ಬೇರೆ ಪದ ಗಟ್ಟಿಯಾಗಿ ಗೊತ್ತಿದ್ದಿದ್ದರೆ ಅವತ್ತು ದಾದಿಗೆ ನಾನು ಸರಿಯಾಗಿ ಹೇಳುತ್ತಿದ್ದೆ.

ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಅದೇ ಕೆಲಸಕ್ಕೆ ಕೂತರು. ಈ ಬಾರಿ ದೊಡ್ಡವರಿಗಾಗಿ, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಅದರ ಮೊದಲ ಸಂಪುಟ ಬಂದದ್ದು 1959ರಲ್ಲಿ. ನಡುವೆ ಕಾದಂಬರಿ, ಯಕ್ಷಗಾನ, ಪ್ರವಾಸ ಎಲ್ಲ ನಡೆದೇ ಇತ್ತು. ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಬಂತು. ಅದನ್ನೆಲ್ಲ ಬೇರೆಯವರು ಬಹಳ ಬರೆದಿದ್ದಾರೆ, ನಾನು ಬಿಡುತ್ತೇನೆ.

ವಿಜ್ಞಾನ ಹೇಳಿಕೊಟ್ಟವರು ವಿಜ್ಞಾನದ ಹೆಸರಲ್ಲಿ ಬಂದದ್ದನ್ನೆಲ್ಲ ಒಪ್ಪಿದರು ಎಂದುಕೊಳ್ಳಬಾರದು. ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟಲು ಹೊರಟಾಗ ಅವರು ವಿರೋಧಿಸಿದರು. 1989ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಅದೇ ವಿಷಯ ಇಟ್ಟುಕೊಂಡು ಲೋಕಸಭೆ ಚುನಾವಣೆಗೆ ಪಕ್ಷೇತರರಾಗಿ ನಿಂತು ಸೋತರು. ಸ್ಥಾವರವೂ ನಿಲ್ಲಲಿಲ್ಲ, 2000ನೇ ಇಸವಿಯಲ್ಲಿ ಉತ್ಪಾದನೆ ಶುರುವಾಯಿತು. ನಮ್ಮ ಮನೆಯ ಬಲ್ಬು ಉರಿಯಲು ಕರೆಂಟು ಎಲ್ಲಿಂದಾದರೂ ಬರಲೇಬೇಕು, ಆದ್ದರಿಂದ ಅವರು ಹೇಳಿದ್ದೇ ಪೂರ್ತಿ ಸರಿ ಎಂದು ನಾನು ಹೇಳಲಾರೆ. ಆದರೆ ಆ ವಯಸ್ಸಿನಲ್ಲಿ ಊರೂರು ತಿರುಗಿ ಪ್ರಶ್ನೆ ಕೇಳಿದ್ದು ಸಣ್ಣ ವಿಷಯವಲ್ಲ. ತುರ್ತು ಪರಿಸ್ಥಿತಿ ವಿರೋಧಿಸಿ ಪದ್ಮಭೂಷಣವನ್ನು ವಾಪಸು ಕೊಟ್ಟವರೂ ಅವರೇ.

ಅವರ ಮಗ ಉಲ್ಲಾಸ ಕಾರಂತರು ಹುಲಿಗಳ ಬಗ್ಗೆ ಸಂಶೋಧನೆ ಮಾಡಿದ ಪ್ರಸಿದ್ಧ ವಿಜ್ಞಾನಿ. ನಾಗರಹೊಳೆ ಕಾಡಿನಲ್ಲಿ ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸಿದವರು. ಕಾರಂತರು ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. ಹಕ್ಕಿಗಳ ಪುಸ್ತಕ ಅಚ್ಚಾಗಿ ಬಂದದ್ದು ಅವರು ಹೋದ ಮೇಲೆ.

ಈಗ ನಮ್ಮ ಮನೆಯಲ್ಲಿ ಒಂದು ಹಳೆಯ ಲೆಡ್ಜರ್ ಪುಸ್ತಕ ಇದೆ. ಎಡಗಡೆ ತಮ್ಮನ ಪ್ರಶ್ನೆ, ಬಲಗಡೆ ಉತ್ತರ. ಬಿಕ್ಕಳಿಕೆಯ ಉತ್ತರ ಸೈನ್ಸ್ ಓದುವ ಗೆಳತಿಯಿಂದ ಸಿಕ್ಕಿತು: ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು ತಟ್ಟನೆ ಕುಗ್ಗಿ ಗಾಳಿ ಒಳಗೆ ನುಗ್ಗುತ್ತದೆ, ಆಗ ಗಂಟಲಿನ ಬಾಗಿಲು ಮುಚ್ಚಿಕೊಂಡು ಹಿಕ್ ಎಂಬ ಸದ್ದು ಬರುತ್ತದೆ. ದಾದಿ ಕೇಳಿಸಿಕೊಂಡರು, ಆದರೂ ಯಾರೋ ನೆನೆಸಿಕೊಂಡಿರಬಹುದು ಎಂದರು. ರಂಜಾನ್‌ನ ಲೆಕ್ಕ ನಾನೇ ಮಾಡಿದೆ. ಚಂದ್ರನ ತಿಂಗಳು ಸುಮಾರು ಇಪ್ಪತ್ತೊಂಬತ್ತೂವರೆ ದಿನ, ಹನ್ನೆರಡು ತಿಂಗಳಿಗೆ 354. ಕ್ಯಾಲೆಂಡರಿನ ವರ್ಷಕ್ಕಿಂತ 11 ದಿನ ಕಡಿಮೆ, ಆದ್ದರಿಂದ ಪ್ರತಿ ವರ್ಷ ಅಷ್ಟು ಬೇಗ. ಹಾಗಾದರೆ ಒಂದೇ ವರ್ಷದಲ್ಲಿ ಎರಡು ಸಲ ಬರಬಹುದಲ್ಲ ಎಂದ. ಮೊದಲು ಇಲ್ಲ ಎಂದೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ ಶುರುವಾಗುತ್ತದೆ. ಅವನದೇ ಸರಿ. ಬಲಗಡೆ ಹಾಗೇ ಬರೆದೆ.

ದಿನಾ ರಾತ್ರಿ ಇಶಾ ನಮಾಜ್ ಆದ ಮೇಲೆ ಅವನು ಟಾರ್ಚ್ ಹಿಡಿದು ದಾದಿಯ ಎರಡೂ ಪಾದ ನೋಡುತ್ತಾನೆ, ಬೆರಳ ಸಂದಿಯನ್ನೂ ಬಿಡುವುದಿಲ್ಲ. ಮೊನ್ನೆ ಹಿಮ್ಮಡಿಯಲ್ಲಿ ಸಣ್ಣ ಬಿರುಕು ಕಂಡು ನನ್ನನ್ನು ಕೂಗಿದ. ನಾನು ಪುಸ್ತಕ ಮುಚ್ಚಿ ಎದ್ದು ಹೋದೆ.