ಅಜ್ಜನಿಟ್ಟ ಹೆಸರು ಎಲ್ಲಿ ಹೋಯ್ತು?

1822ರಲ್ಲಿ ಅಮೆರಿಕದ ಒಹಾಯೋದಲ್ಲಿ ಒಂದು ಗಂಡು ಮಗು ಹುಟ್ಟಿತು. ಹೆಸರಿನ ವಿಷಯಕ್ಕೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ತಾಯಿ ಕಡೆಯ ಅಜ್ಜನಿಗೆ ಹೈರಮ್ ಇಷ್ಟ, ಅಜ್ಜಿಗೆ ಗ್ರೀಕ್ ಕಥೆಯ ವೀರ ಯುಲಿಸಿಸ್. ಕೊನೆಗೆ ಚೀಟಿ ಎತ್ತಿದ್ರು. ಬಂದದ್ದು ಯುಲಿಸಿಸ್. ಅಜ್ಜನಿಗೆ ಬೇಜಾರಾಗಬಾರದು ಅಂತ ಹೈರಮ್ ಯುಲಿಸಿಸ್ ಗ್ರಾಂಟ್ ಎಂದಿಟ್ಟರು. ಆದ್ರೆ ಅಪ್ಪ ಕರೀತಿದ್ದದ್ದು ಯುಲಿಸಿಸ್ ಅಂತಲೇ.

1839ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಕಾಲೇಜಿಗೆ ಶಿಫಾರಸು ಮಾಡಿದ ಸಂಸದರು ತಪ್ಪಾಗಿ ಯುಲಿಸಿಸ್ ಎಸ್. ಗ್ರಾಂಟ್ ಎಂದು ಬರೆದರು. ಥೇಟ್ ನಮ್ಮ ಮಾರ್ಕ್ಸ್ ಕಾರ್ಡ್ ಕಥೆ! ಹುಡುಗ ಹೇಳಿ ನೋಡಿದ, ದಾಖಲೆ ಬದಲಾಗಲಿಲ್ಲ. ಯು.ಎಸ್. ನೋಡಿ ಗೆಳೆಯರು ಸ್ಯಾಮ್ ಅಂತ ಅಡ್ಡಹೆಸರಿಟ್ಟರು.

ಮುಂದೆ ಅಂತರ್ಯುದ್ಧ ಗೆದ್ದು, 1869ರಲ್ಲಿ ಅಧ್ಯಕ್ಷರಾಗಿ, 1885ರಲ್ಲಿ ತೀರಿಕೊಂಡರು. ಅರ್ಥವೇ ಇಲ್ಲದ ಆ ಎಸ್ ಇತಿಹಾಸದಲ್ಲಿ ಉಳೀತು. ಮನೆಯವರೆಲ್ಲ ಸೇರಿ ಜೋಪಾನವಾಗಿ ಉಳಿಸಿದ್ದ ಅಜ್ಜನ ಹೈರಮ್ ಮಾತ್ರ ಮರೆತೇ ಹೋಯ್ತು.